ಟ್ಯೂಬ್ ಹಾಕಿಸಿದರೆ ತಾಯಿ ಸೋತಂತಲ್ಲ

ಮಾನ್ಯರೇ,

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಿಗೆ ಟ್ಯೂಬ್ ಮೂಲಕ ಆಹಾರ ಕೊಡಿ ಎಂದು ಡಾಕ್ಟರ್ ಹೇಳಿದರೆ ಎಷ್ಟೋ ತಾಯಂದಿರು ಒಳಗೊಳಗೇ ಕೊರಗುತ್ತಾರೆ. ಜತೆಗೆ ಸುತ್ತಲಿನವರ ಮಾತು ಬೇರೆ: ‘ಇನ್ನೂ ಸ್ವಲ್ಪ ತಾಳ್ಮೆಯಿಂದ ಉಣಿಸಬೇಕಿತ್ತು.’ ಇದು ತುಂಬಾ ಅನ್ಯಾಯ.

ಒಂದು ಊಟಕ್ಕೆ 30 ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತಿದ್ದರೆ, ತೂಕ ಏರದಿದ್ದರೆ, ಪದೇ ಪದೇ ನ್ಯುಮೋನಿಯಾ ಬರುತ್ತಿದ್ದರೆ ನುಂಗುವುದರಲ್ಲೇ ತೊಂದರೆ ಇರಬಹುದು. ಕೆಲವು ಮಕ್ಕಳಲ್ಲಿ ಆಹಾರ ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ಎದುರಿಗೇ ಕೂತು ತುತ್ತು ಕೊಡುವವರಿಗೂ ಗೊತ್ತಾಗುವುದಿಲ್ಲ. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ ತುತ್ತು ಕೊಟ್ಟು, ನುಂಗುವುದನ್ನು ಎಕ್ಸ್‌ರೇ ವಿಡಿಯೊದಲ್ಲಿ ನೋಡಿದರೆ ತಿಳಿಯುತ್ತದೆ.

ಮೂಗಿನ ಟ್ಯೂಬ್ ಕೆಲವು ವಾರಗಳಿಗೆ ಸರಿ. ಬಹಳ ಕಾಲ ಬೇಕಾದರೆ ಹೊಟ್ಟೆಗೆ ನೇರವಾಗಿ ಹಾಕುವ ಗ್ಯಾಸ್ಟ್ರೋಸ್ಟಮಿ ಟ್ಯೂಬ್ ಇದೆ. ಅದರಲ್ಲೂ ಸೋಂಕು, ಸೋರಿಕೆಯಂಥ ಸಮಸ್ಯೆ ಉಂಟು, ಮುಚ್ಚಿಡಬಾರದು. ಆದರೆ ಟ್ಯೂಬ್ ಬಂತೆಂದರೆ ಬಾಯಿರುಚಿ ಮುಗಿಯಿತು ಎಂದಲ್ಲ. ತಜ್ಞರು ಸರಿ ಎಂದರೆ ಮಗುವನ್ನು ನೆಟ್ಟಗೆ ಕೂರಿಸಿ, ಚಮಚದ ತುದಿಯಷ್ಟು ನೆಕ್ಕಿಸಬಹುದು. ಆ ಖುಷಿ ಮಗುವಿಗೂ ಬೇಕು, ಅಲ್ವಾ?

ಡಾಕ್ಟರುಗಳು ಸುಮ್ನೆ ಸಹಿ ಹಾಕಿಸಿಕೊಳ್ಳದೆ, ಇದನ್ನೆಲ್ಲ ಹೆತ್ತವರ ಜತೆ ಕೂತು ಮಾತಾಡಲಿ.

– ಒಬ್ಬ ಓದುಗ