ರಕ್ತ ಎಷ್ಟು ಗಂಟೆಗೆ ತೆಗೆದದ್ದು?

ನೀರ್ಚಾಲು, ಆಟಿ ತಿಂಗಳು

ಪ್ರೀತಿಯ ಅನು,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ರಿಪೋರ್ಟ್ ಬೆಳಗ್ಗೆ ಚಾಯ ಕುಡಿಯುವಾಗ ನೋಡಿದೆ. ಕಳಿಸಿದ ಹೊತ್ತೂ ನೋಡಿದೆ, ರಾತ್ರಿ 2 ಗಂಟೆ 40 ನಿಮಿಷ. ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) 31, ಮಿತಿ 25 ಅಂತ ಉಂಟು. ಒತ್ತಡಕ್ಕೆ ಬರುವ ಹಾರ್ಮೋನು ಕಾರ್ಟಿಸಾಲ್ ಕಡಿಮೆ. ಕೆಳಗೆ ನೀನು ಬರೆದದ್ದು: "ದೊಡ್ಡಮ್ಮ, ಗೂಗಲ್ ಮಾಡಿದ್ರೆ ತಲೆಯಲ್ಲಿ ಗಡ್ಡೆ ಅಂತ ತೋರಿಸ್ತದೆ."

ಎಂತ ಮಾರಾಯ್ತಿ ನೀನು! ಗಡ್ಡೆಯ ಮಾತು ಆಮೇಲೆ. ರಕ್ತ ಎಷ್ಟು ಗಂಟೆಗೆ ತೆಗೆದದ್ದು? ರಿಪೋರ್ಟಿನಲ್ಲಿ ತಾರೀಕು ಮಾತ್ರ ಉಂಟು. ನಿನ್ನ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಬೆಳಗ್ಗೆ 7ಕ್ಕೆ ಡ್ಯೂಟಿ ಮುಗಿಸಿ ಬಂದು ಮಲಗಿದ್ದೀಯಂತೆ, 12ಕ್ಕೆ ಲ್ಯಾಬಿನ ಹುಡುಗ ಬೆಲ್ಲು ಹೊಡೆದನಂತೆ, ಹಾಸಿಗೆಯಿಂದ ಎದ್ದವಳು ಕಣ್ಣುಜ್ಜಿಕೊಂಡು ಹಾಗೇ ಕೈ ಕೊಟ್ಟೆಯಂತೆ. ಇಷ್ಟು ಕೇಳಿದ ಮೇಲೆ ನನ್ನ ಅರ್ಧ ಚಿಂತೆ ಹೋಯಿತು.

ಯಾಕೆ ಅಂತ ಹೇಳುತ್ತೇನೆ. 31 ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದವಳು ನಾನು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬರು ವಯಸ್ಸಾದವರಿಗೆ ಕಾರ್ಟಿಸಾಲ್ ಬರೆದಿದ್ದರು. ನಾನು ಸಂಜೆ 4ಕ್ಕೆ ತೆಗೆದೆ, ಚೀಟಿಯಲ್ಲಿ ಗಂಟೆ ಬರೆಯಲಿಲ್ಲ. ಬಂದ ಸಂಖ್ಯೆಯನ್ನು ಬೆಳಗ್ಗೆ 8ರ ಮಿತಿಯ ಪಕ್ಕ ಇಟ್ಟು ನೋಡಿದರೆ ತೀರಾ ಕಡಿಮೆ. ಮನೆಯವರೆಲ್ಲ ಕಂಗಾಲು, ಇನ್ನು ಜೀವಮಾನವಿಡೀ ಸ್ಟೀರಾಯ್ಡ್ ಮಾತ್ರೆ ಅನ್ನುವವರೆಗೆ ಹೋಯಿತು. ಕೊನೆಗೆ ದೊಡ್ಡ ಡಾಕ್ಟರು ನನ್ನನ್ನು ಕರೆಸಿ ಕೇಳಿದ್ದು ಒಂದೇ ಮಾತು, ಈ ಪತ್ರದ ಮೇಲೆ ಬರೆದದ್ದು. ಮರುದಿನ ಬೆಳಗ್ಗೆ ತೆಗೆದರೆ ಎಲ್ಲ ಸರಿ ಇತ್ತು. ಆ ಮೇಲೆ ನಿವೃತ್ತಿಯ ದಿನದವರೆಗೂ ನಾನು ಕೆಂಪು ಪೆನ್ನಿನಲ್ಲಿ ಗಂಟೆ ಬರೆಯದೆ ಟ್ಯೂಬ್ ಕೆಳಗಿಟ್ಟವಳಲ್ಲ.

ಕಾರ್ಟಿಸಾಲ್ ಹಾಗೇ. ನಡುರಾತ್ರಿಯ ಹೊತ್ತಿಗೆ ತಳದಲ್ಲಿರುತ್ತದೆ, ಬೆಳಗಿನ ಜಾವ 3–4ರಿಂದ ಏರುತ್ತದೆ, ಎದ್ದು ಅರ್ಧ ಮುಕ್ಕಾಲು ಗಂಟೆಗೆ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಮಧ್ಯಾಹ್ನದ ರಕ್ತಕ್ಕೆ ಬೆಳಗ್ಗಿನ ಅಳತೆ ಹಿಡಿದರೆ ಕಡಿಮೆ ಕಾಣದೆ ಇನ್ನೇನು? ಅದರಲ್ಲೂ ನಿನ್ನದು ರಾತ್ರಿ ಪಾಳಿ. ನಿನ್ನ ದೇಹಕ್ಕೆ ಬೆಳಗ್ಗೆ ಅನ್ನುವುದು ಎಷ್ಟು ಗಂಟೆಗೆ ಅಂತ ಅದಕ್ಕೇ ಗೊತ್ತಿಲ್ಲ.

ಮೈಗೆ ಹೊತ್ತು ಹೇಳುವ ಗಡಿಯಾರ ಇರುವುದು ತಲೆಯೊಳಗೆ, ಎರಡು ಕಣ್ಣಿನ ನರಗಳು ಒಂದಕ್ಕೊಂದು ಅಡ್ಡ ಹಾಯುವ ಜಾಗದ ಮೇಲೆ. ಸುಮಾರು 20,000 ಜೀವಕೋಶಗಳ ಒಂದು ಸಣ್ಣ ಗಂಟು, ಅಷ್ಟೆ. ಹೊರಗಿನ ಬೆಳಕು ಕಾಣದಿದ್ದರೂ ಅದು ಓಡುತ್ತದೆ. ಆದರೆ ಹೆಚ್ಚಿನವರಲ್ಲಿ 24 ಗಂಟೆಗಿಂತ ಸ್ವಲ್ಪ ನಿಧಾನ, ಹಾಗಾಗಿ ದಿನಾ ಬೆಳಗ್ಗಿನ ಬೆಳಕು ಅದನ್ನು ಸರಿ ಮಾಡಬೇಕು. ತೋಟದ ಬದಿಯ ನಾಚಿಕೆ ಮುಳ್ಳು ನೋಡಿದ್ದೀಯಲ್ಲ, ಮುಟ್ಟದಿದ್ದರೂ ಸಂಜೆಯಾದರೆ ಎಲೆ ಮಡಚುತ್ತದೆ. 1729ರಲ್ಲಿ ಫ್ರಾನ್ಸಿನ ದ ಮೇರಾಂ ಅನ್ನುವವರು ಅಂಥದ್ದೇ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದರು. ಬಿಸಿಲೇ ಕಾಣದಿದ್ದರೂ ಹಗಲಿಗೆ ಬಿಚ್ಚಿಕೊಂಡಿತು, ರಾತ್ರಿಗೆ ಮಡಚಿಕೊಂಡಿತು. ಗಿಡಕ್ಕೇ ಅಷ್ಟು ಹಟ ಇದ್ದರೆ ನಮಗೆ ಇಲ್ಲದಿರುತ್ತದಾ? ಸಣ್ಣವಳಿರುವಾಗ ಮಧೂರಿನಲ್ಲಿ ಯಕ್ಷಗಾನದ ಆಟ ನೋಡಲು ಕೂತರೆ ನನಗೆ 1 ಗಂಟೆಯವರೆಗೆ ಕಣ್ಣು ನೆಟ್ಟಗೆ ಇರುತ್ತಿತ್ತು, 4ಕ್ಕೆ ಚೆಂಡೆ ಕಿವಿಯ ಹತ್ತಿರವೇ ಬಡಿದರೂ ತಲೆ ಅಜ್ಜಿಯ ಮಡಿಲಲ್ಲಿ. ಮೈಯ ಬಿಸಿ ಅತಿ ಕಡಿಮೆ ಇರುವ ಹೊತ್ತು ಅದು.

ಈಗ ನಿನ್ನ ಪ್ರೊಲ್ಯಾಕ್ಟಿನ್. ಎಲ್ಲ ಹಾರ್ಮೋನುಗಳೂ ಒಂದೇ ಯಜಮಾನನ ಮಾತು ಕೇಳುವುದಿಲ್ಲ. ಕಾರ್ಟಿಸಾಲ್, ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಎರಡೂ ಗಡಿಯಾರವನ್ನು ನೋಡುತ್ತವೆ. ನೀನು ಮಲಗು, ಮಲಗದಿರು, ಅವು ಬೇಗ ಜಾಗ ಬಿಡುವುದಿಲ್ಲ. ಬೆಳವಣಿಗೆಯ ಹಾರ್ಮೋನು ಜಾಸ್ತಿ ಕಾಯುವುದು ನಿದ್ದೆಯನ್ನು, ಗಾಢ ನಿದ್ದೆ ಹತ್ತಿದ ಮೊದಲ ಒಂದೆರಡು ಗಂಟೆಯಲ್ಲಿ ಒಮ್ಮೆಲೇ ಬರುತ್ತದೆ. ಪ್ರೊಲ್ಯಾಕ್ಟಿನ್ ಕೂಡ ನಿದ್ದೆಯ ಹಿಂದೆಯೇ ಹೋಗುವುದು, ಹಗಲು ಮಲಗಿದರೆ ಹಗಲೇ ಏರುತ್ತದೆ. ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಟಿಎಸ್‌ಎಚ್ ಎರಡೂ ಕಡೆ ಕಾಲಿಟ್ಟದ್ದು. ಸಂಜೆಯಿಂದ ಏರುತ್ತದೆ, ನಿದ್ದೆ ಬಂದರೆ ಏರಿಕೆಗೆ ಕಡಿವಾಣ, ರಾತ್ರಿ ಎಚ್ಚರ ಇದ್ದರೆ ಮತ್ತೂ ಮೇಲೆ. ರಾತ್ರಿ ಪಾಳಿಯವರಲ್ಲಿ ಇವೆಲ್ಲ ಒಂದೊಂದು ದಿಕ್ಕಿಗೆ ಹೋಗುತ್ತವೆ. ಒಂದೇ ಮನೆಯಲ್ಲಿ ಅಜ್ಜನಿಗೆ ಊಟದ ಹೊತ್ತು, ಮಗನಿಗೆ ಮಲಗುವ ಹೊತ್ತು, ಮೊಮ್ಮಗನಿಗೆ ಶಾಲೆಯ ಹೊತ್ತು ಅಂತಾದರೆ ಹೇಗಿರುತ್ತದೆ ಹೇಳು, ಹಾಗೆ.

ಹಾಸಿಗೆಯಿಂದ ಎದ್ದ ಕೂಡಲೇ ತೆಗೆದ ರಕ್ತದಲ್ಲಿ 31 ಬಂದರೆ ನಾನು ಗಡ್ಡೆ ಹುಡುಕಲು ಹೋಗುವುದಿಲ್ಲ. ಸೂಜಿಯ ಹೆದರಿಕೆಗೂ ಅದು ಸ್ವಲ್ಪ ಏರುತ್ತದೆ, ನಿನಗೆ ಸೂಜಿ ಅಂದರೆ ಎಷ್ಟು ಧೈರ್ಯ ಅಂತ ನನಗೆ ಗೊತ್ತಿಲ್ವಾ? ಮತ್ತೊಂದು. ಗ್ಯಾಸ್ಟ್ರಿಕ್ ಅಂತ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗುತ್ತೀಯಲ್ಲ, ಅದರ ಪಟ್ಟಿಯಲ್ಲಿ ಡೊಂಪೆರಿಡೋನ್ ಅಂತ ಉಂಟಾ ನೋಡು. ಅದು ಪ್ರೊಲ್ಯಾಕ್ಟಿನ್ ಏರಿಸುವ ಮದ್ದು. ಆದರೆ ದೊಡ್ಡಮ್ಮ ಏನೂ ಇಲ್ಲ ಅಂದಳು ಅಂತ ಸುಮ್ನೆ ಕೂರಬೇಡ. ಮೂರು ತಿಂಗಳಿಂದ ಮುಟ್ಟು ಸರಿ ಇಲ್ಲ ಅಂತ ಅಮ್ಮ ಹೇಳಿದಳು. ಹೆಂಗಸರ ಡಾಕ್ಟರ ಹತ್ತಿರ ಹೋಗು. ಪಾಳಿ ಯಾವುದು, ಎಷ್ಟಕ್ಕೆ ಮಲಗುತ್ತೀ, ಏನೇನು ಮಾತ್ರೆ ತಿನ್ನುತ್ತೀ, ಎಲ್ಲ ಬಾಯಿ ಬಿಟ್ಟು ಹೇಳು. ಅವರು ಹೇಳಿದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸು, ಎದ್ದು ಎರಡು ಮೂರು ಗಂಟೆ ಕಳೆದ ಮೇಲೆ. ಸ್ವಲ್ಪ ಹೊತ್ತು ಸುಮ್ನೆ ಕೂತು ಆಮೇಲೆ ಕೈ ಕೊಡು. ಥೈರಾಯ್ಡೂ ನೋಡಲಿ, ಅದು ಕಡಿಮೆ ಇದ್ದರೂ ಪ್ರೊಲ್ಯಾಕ್ಟಿನ್ ಮೇಲೆ ಹೋಗುತ್ತದೆ.

ಇನ್ನು ನಿನ್ನ ಆ ಮೆಲಟೋನಿನ್ ಗಮ್ಮಿ, ಜಗಿದು ತಿನ್ನುವ ಮಾತ್ರೆ. ಮಿಠಾಯಿ ಡಬ್ಬಿಯ ಹಾಗೆ ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದೀಯಂತೆ. ಅಮೆರಿಕದಲ್ಲಿ 2023ರಲ್ಲಿ 25 ಬಗೆಯ ಗಮ್ಮಿ ಪರೀಕ್ಷೆ ಮಾಡಿದಾಗ 22ರಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆಯೇ ಇರಲಿಲ್ಲ, ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಅದು ಹಾಗಿರಲಿ. ನೀನು ಅದನ್ನು ನಿದ್ದೆ ಮಾತ್ರೆ ಅಂದುಕೊಂಡದ್ದೇ ತಪ್ಪು. ಮೆಲಟೋನಿನ್ನಿನ ಕೆಲಸ ಕತ್ತಲಾಯಿತು ಅಂತ ಮೈಗೆಲ್ಲ ಸುದ್ದಿ ಮುಟ್ಟಿಸುವುದು. ಮಿದುಳಿನ ನಡುವಿನ ಪೀನಿಯಲ್ ಗ್ರಂಥಿ, ಒಂದು ಅಕ್ಕಿಕಾಳಿನಷ್ಟು ದೊಡ್ಡದು, ಸಂಜೆಯ ಮೇಲೆ ಅದನ್ನು ಮಾಡಲು ಶುರು ಮಾಡುತ್ತದೆ, ಕಣ್ಣಿಗೆ ಜೋರು ಬೆಳಕು ಬಿದ್ದರೆ ನಿಲ್ಲಿಸುತ್ತದೆ. ನೀಲಿ ಬೆಳಕಿಗಂತೂ ಬೇಗ. (ಇದನ್ನು 1958ರಲ್ಲಿ ಬೇರೆ ಮಾಡಿ ತೆಗೆದದ್ದು ಲರ್ನರ್ ಅನ್ನುವ ಚರ್ಮದ ಡಾಕ್ಟರು, ಕಪ್ಪೆಯ ಚರ್ಮದ ಬಣ್ಣ ತಿಳಿಯಾಗಿಸುವ ವಸ್ತು ಅಂತ. ನಿದ್ದೆಯ ಸುದ್ದಿ ಆಮೇಲೆ ಬಂದದ್ದು.) ತಂಪು ದೇಶದ ಕುರಿಗಳಿಗೆ ರಾತ್ರಿ ಉದ್ದವಾದದ್ದು ತಿಳಿಯುವುದು, ಬೆದೆಗೆ ಬರುವ ಹಾರ್ಮೋನುಗಳು ಏಳುವುದು, ಎಲ್ಲ ಇದೇ ಸುದ್ದಿಯಿಂದ. ನಿನ್ನ ಅಕ್ಕನ ಮಗು ಹಗಲು ರಾತ್ರಿ ಗೊತ್ತಿಲ್ಲದೆ ಅಳುತ್ತಿತ್ತಲ್ಲ, ಹುಟ್ಟಿದ ಮಕ್ಕಳಿಗೆ ಮೊದಲ ಎರಡು ಮೂರು ತಿಂಗಳು ತಮ್ಮದೇ ಮೆಲಟೋನಿನ್ನಿನ ಏರಿಳಿತ ಇರುವುದಿಲ್ಲ, ರಾತ್ರಿಯ ತಾಯಿಹಾಲಿನಲ್ಲಿ ಬಂದಷ್ಟೇ.

ನೀನು ರಾತ್ರಿಯಿಡೀ ಟ್ಯೂಬ್‌ಲೈಟಿನ ಕೆಳಗೆ ಕೂತು ಆ ಸುದ್ದಿಯನ್ನು ತಡೆಯುತ್ತೀ. 6ಕ್ಕೆ ಕ್ಯಾಬ್ ಹತ್ತಿ ಬರುವಾಗ ಬಿಸಿಲು ಮುಖಕ್ಕೆ ಹೊಡೆದು ಗಡಿಯಾರಕ್ಕೆ ಈಗ ಬೆಳಗಾಯಿತು ಅನ್ನುತ್ತದೆ. ಮನೆಗೆ ಬಂದು ಗಮ್ಮಿ ತಿಂದು ಈಗ ಕತ್ತಲು ಅನ್ನುತ್ತೀ. ಅದು ಯಾರ ಮಾತು ಕೇಳಬೇಕು ಪಾಪ? ಡಾಕ್ಟರ ಹತ್ತಿರ ಕೇಳುವ ತನಕ ಡಬ್ಬಿ ಮುಚ್ಚಿಡು. ಹೊತ್ತು ತಪ್ಪಿ ತೆಗೆದುಕೊಂಡರೆ ಗಡಿಯಾರವನ್ನು ಬೇಡದ ಕಡೆಗೇ ತಳ್ಳುವ ಮದ್ದು ಅದು.

ಬರುವಾಗ ಕ್ಯಾಬಿನಲ್ಲಿ ಕಪ್ಪು ಕೂಲಿಂಗ್ ಗ್ಲಾಸ್ ಹಾಕಿಕೋ, ಯಾರು ನಕ್ಕರೂ ಅಡ್ಡಿಯಿಲ್ಲ. ಸ್ಕೂಟಿ ಬಿಡುವ ದಿನ ಮಾತ್ರ ಬೇಡ, ನಿದ್ದೆಗಣ್ಣಿಗೆ ಮತ್ತೆ ಕತ್ತಲು ಸೇರಿಸಬಾರದು. ಕಿಟಕಿಗೆ ದಪ್ಪ ಪರದೆ ಹಾಕು. ಫೋನು ಇನ್ನೊಂದು ಕೋಣೆಯಲ್ಲಿ. ರಾತ್ರಿ 2ಕ್ಕೆ ಬಿರಿಯಾನಿ ತರಿಸುವುದು ಬಿಡು. ಒಂದೇ ಊಟ ಹಗಲು ತಿಂದರೆ ಏರುವ ಸಕ್ಕರೆ ಬೇರೆ, ನಡುರಾತ್ರಿ ತಿಂದರೆ ಏರುವುದು ಬೇರೆ. ಮೆಲಟೋನಿನ್ ಮೇಲಿರುವಾಗ ಇನ್ಸುಲಿನ್ ಬರುವುದು ಕಡಿಮೆ, ಮೈಯೂ ಅದರ ಮಾತು ಅಷ್ಟು ಕೇಳುವುದಿಲ್ಲ. 7 ಕಿಲೋ ಏರಿದೆ ಅಂತ ಅತ್ತೆಯಲ್ಲ, ಬರೀ ಕುರ್ಚಿಯಲ್ಲಿ ಕೂತದ್ದರಿಂದ ಏರಿದ್ದಲ್ಲ ಅದು.

ರಜೆಯ ಎರಡು ದಿನ ನೀನು ಎಲ್ಲರ ಹಾಗೆ ರಾತ್ರಿ 10ಕ್ಕೆ ಮಲಗಿ 6ಕ್ಕೆ ಏಳುತ್ತೀ, ಸೋಮವಾರ ಮತ್ತೆ ತಲೆಕೆಳಗು. ನಾನೂ ಹಾಗೇ ಮಾಡಿದವಳು. ಒಂದು ವಾರ ರಾತ್ರಿ, ಒಂದು ವಾರ ಹಗಲು ಅಂತ ನಾಲ್ಕು ವರ್ಷ ಮಾಡಿದೆ, ಮುಟ್ಟು ಎಲ್ಲೆಲ್ಲೋ ಹೋಯಿತು, ಮನೆಯಲ್ಲಿ ಎಲ್ಲರ ಮೇಲೂ ಸಿಡುಕು. ಕೊನೆಗೆ ಸಂಬಳದಲ್ಲಿ ಸ್ವಲ್ಪ ಹೋದರೂ ಆಗಬಹುದು ಅಂತ ಹಗಲು ಪಾಳಿ ಕೇಳಿ ತೆಗೆದುಕೊಂಡೆ. ಆಗ ಜನ ಆಡಿಕೊಂಡರು. ನೀನೂ ಕೇಳು. ಕೊಡುವ ತನಕ ರಜೆಯ ದಿನವೂ 3ಕ್ಕೆ ಮಲಗಿ ಮಧ್ಯಾಹ್ನಕ್ಕೆ ಏಳು, ಅರ್ಧ ದಾರಿಯಾದರೂ ಒಂದೇ ಕಡೆ ಇದ್ದ ಹಾಗಾಗುತ್ತದೆ. ಅಪ್ಪ ಸೋಮಾರಿ ಅನ್ನುತ್ತಾನೆ, ಅವನಿಗೆ ಈ ಕಾಗದ ತೋರಿಸು.

ಹೊಸ ರಿಪೋರ್ಟ್ ಬಂದರೆ ಕಳಿಸು, ಪಕ್ಕದಲ್ಲಿ ಎದ್ದ ಗಂಟೆ, ರಕ್ತ ಕೊಟ್ಟ ಗಂಟೆ ಎರಡೂ ಬರೆದು. ಹಲಸಿನ ಹಪ್ಪಳ ಒಂದು ಡಬ್ಬಿ ಕಟ್ಟಿ ಇಟ್ಟಿದ್ದೇನೆ, ಶುಕ್ರವಾರದ ಬಸ್ಸಿಗೆ ಕೊಡುತ್ತೇನೆ. ರಾತ್ರಿ 2ಕ್ಕೆ ಕರಿಯಲು ಹೊರಡಬೇಡ.

ನಿನ್ನ,
ದೊಡ್ಡಮ್ಮ