ಇಪ್ಪತ್ತು ನಿಮಿಷ ಅವರಿಗೂ ಕೊಡೋಣ

ಇಲ್ಲಿ ಬ್ರಿಟನ್ನಿನಲ್ಲಿ ನಮ್ಮ ಕನ್ನಡ ಸಂಘದ ಪತ್ರಿಕೆ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು, ನಾನು ಈಗ ಬರೆಯಲು ಕೂತಿದ್ದೇನೆ. ದಸರಾ ಬಗ್ಗೆ ಬರೆಯೋಣ ಅಂತಿದ್ದೆ. ಮಗಳು ಬೇರೆ ವಿಷಯ ಕೊಟ್ಟಳು. ಅವಳ ಶಾಲೆಯ ಊಟದ ಮೇಳದಲ್ಲಿ ‘ಏಷ್ಯನ್’ ಟೇಬಲ್ ತುಂಬ ಸಮೋಸ, ಬಿರಿಯಾನಿ, ನಾನು ಕಳಿಸಿದ ಚಿತ್ರಾನ್ನ. ಗೆಳತಿಯ ಅಮ್ಮ ಫಿಲಿಪೀನ್ಸ್‌ನವರು. ಅವರ ಪಾನ್ಸಿಟ್ ಶಾವಿಗೆ ‘ಇತರೆ’ ಟೇಬಲ್ಲಿಗೆ ಹೋಯಿತಂತೆ. “ಅಮ್ಮಾ, ಅವಳೂ ಏಷ್ಯನ್ನೇ ಅಲ್ವಾ? ನಾವ್ಯಾಕೆ ಪೂರ್ತಿ ಟೇಬಲ್ ತಗೊಂಡ್ವಿ?”

ದೊಡ್ಡವರೂ ಅದನ್ನೇ ಮಾಡುತ್ತಾರೆ. 2021ರಲ್ಲಿ ಇಂಗ್ಲೆಂಡ್‌ ಜನಗಣತಿಯ ಫಾರಂನಲ್ಲಿ ಭಾರತೀಯರಿಗೆ, ಚೀನೀಯರಿಗೆ ಚೌಕ ಇತ್ತು. ಫಿಲಿಪಿನೋ, ಥಾಯ್, ವಿಯೆಟ್ನಾಮಿನವರು ‘ಬೇರೆ ಏಷ್ಯನ್’ ಗುರುತು ಹಾಕಿ ತಾವೇ ಬರೆದು ತುಂಬಬೇಕಿತ್ತು.

ನಾನು ಇಲ್ಲಿಗೆ ಬಂದ ಹೊಸದರಲ್ಲಿ ರಾತ್ರಿ ಡ್ಯೂಟಿ. ಊರು ಜಾಸ್ತಿ ಕಾಡುವ ಹೊತ್ತು ಅದೇ, ನಿಮಗೆ ಗೊತ್ತಲ್ಲ. ವಾರ್ಡಿನ ಹಿರಿಯ ನರ್ಸ್ ಮನಿಲಾದವರು. ನಡುರಾತ್ರಿ ಡಬ್ಬಿ ತೆಗೆದು, ಬೆಳ್ಳುಳ್ಳಿ ಹಾಕಿ ಹುರಿದ ಅನ್ನವನ್ನು ನನಗೂ ಬಡಿಸುತ್ತಿದ್ದರು. ತಣ್ಣನೆ ಸ್ಯಾಂಡ್‌ವಿಚ್ ತಿಂದು ಸಾಕಾಗಿದ್ದ ನನಗೆ ಅದು ಪ್ರಸಾದ. ಡ್ರಿಪ್ ಹಾಕಲು ನರ ಸಿಗದೆ ನಾನು ಬೆವರುತ್ತಿದ್ದರೆ, ರೋಗಿಗೆ ತಿಳಿಯದ ಹಾಗೆ ಬೆರಳಲ್ಲಿ ಜಾಗ ತೋರಿಸುತ್ತಿದ್ದರು. ಆಮೇಲೆ 2020ರ ಮಾರ್ಚ್ ಬಂತು. “ಆ ಚೀನಾದವಳು ನನ್ನ ಮುಟ್ಟೋದು ಬೇಡ” ಎಂದ ಒಬ್ಬ ರೋಗಿ. ಆ ನರ್ಸ್ ಗ್ಲೌಸ್ ಬಿಚ್ಚಿ ಪಕ್ಕದ ಹಾಸಿಗೆಗೆ ಹೋದರು. ‘ನಾನು ಚೀನಾದವಳಲ್ಲ’ ಅಂತ ಅವರು ಹೇಳಲೇ ಇಲ್ಲ. ಯಾಕೆ ಎಂದು ಕೇಳಿದೆ. “ಹಾಗಂದಿದ್ದರೆ ಚೀನಾದವರಿಗೆ ಅನ್ನಬಹುದು ಅಂತ ನಾನೇ ಒಪ್ಪಿದ ಹಾಗಾಗುತ್ತಿತ್ತು” ಎಂದರು.

ಅದೇ ವರ್ಷ ಡಿಸೆಂಬರ್ 8ಕ್ಕೆ ಕೊವೆಂಟ್ರಿಯಲ್ಲಿ, ಪ್ರಯೋಗಗಳ ಹೊರಗೆ, ಈ ದೇಶದ ಮೊದಲ ಕೋವಿಡ್ ಲಸಿಕೆ. ಹಾಕಿಸಿಕೊಂಡ ಮಾರ್ಗರೆಟ್ ಕೀನನ್ ನೆನಪಿದ್ದಾರೆ. ಹಾಕಿದ ನರ್ಸ್ ಮೇ ಪಾರ್ಸನ್ಸ್ ಹುಟ್ಟಿದ್ದು ಫಿಲಿಪೀನ್ಸ್‌ನಲ್ಲಿ. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಇನ್ನು ಲಿವರ್‌ಪೂಲ್. ಯುದ್ಧಕಾಲದಲ್ಲಿ ಬ್ರಿಟಿಷ್ ಹಡಗುಗಳಲ್ಲಿ ದುಡಿದ ಚೀನೀ ನಾವಿಕರನ್ನು 1945–46ರಲ್ಲಿ ಗುಟ್ಟಾಗಿ ಹಿಡಿದು ವಾಪಸ್ ಕಳಿಸಿದರು. ಗಂಡ ಬಿಟ್ಟುಹೋದ ಅಂತಲೇ ಎಷ್ಟೋ ಹೆಂಗಸರು ನಂಬಿದ್ದರು. ಅಲ್ಲಿನ ನದಿದಡದ ಪಿಯರ್ ಹೆಡ್‌ನಲ್ಲಿ ಆ ನಾವಿಕರ ನೆನಪಿನ ಫಲಕ ಬಂದದ್ದು 2006ರಲ್ಲಿ.

2021ರಿಂದ ಇಲ್ಲಿ ಸೆಪ್ಟೆಂಬರ್ ಪೂರ್ವ, ಆಗ್ನೇಯ ಏಷ್ಯಾದವರ ಪರಂಪರೆಯ ತಿಂಗಳು. ಗಣಪತಿ ಗಡಿಬಿಡಿಯಲ್ಲಿ ನಮ್ಮ ಸಂಘಕ್ಕೆ ಅದರ ಗಮನವೇ ಇಲ್ಲ. ರಾಜ್ಯೋತ್ಸವದ ಮೀಟಿಂಗಿನಲ್ಲಿ ಮಾತ್ರ “ನೆರೆಹೊರೆಯವರದ್ದೂ ಇರಲಿ, ಐದು ನಿಮಿಷ ಚೀನಾದವರ ಸಿಂಹದ ಕುಣಿತ ಹಾಕ್ಸೋಣ” ಎಂಬ ಸಲಹೆ ಬಂತು. ನನಗೆ ಒಪ್ಪಿಗೆಯಿಲ್ಲ. ನಮ್ಮನ್ನು ಕರೆದು ಸುಮ್ನೆ ಬಾಲಿವುಡ್ ಡ್ಯಾನ್ಸ್ ಮಾಡಿ ಅಂದರೆ ನಾವು ಗೊಣಗುವುದಿಲ್ಲವೇ? ಆ ನೆರೆಹೊರೆಯವರಿಗೆ ಇಪ್ಪತ್ತು ನಿಮಿಷ ಮೈಕ್ ಕೊಡಿ. ಏನು ಹೇಳಬೇಕೋ ಅವರೇ ಆರಿಸಿಕೊಳ್ಳಲಿ. (ನಾವು ಬೆಂಗಳೂರಿನವರು ಬೀಗುವ ಹಾಗೂ ಇಲ್ಲ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ನಮ್ಮೂರಿನಿಂದಲೇ ಗುವಾಹಟಿ ರೈಲು ಹತ್ತಿದ್ದರು.)

ಜಾಗ ಮುಗಿಯುತ್ತಿದೆ. ರಾಜ್ಯೋತ್ಸವದ ಸ್ಥಳ, ಸಮಯ ಕೊನೆಯ ಪುಟದಲ್ಲಿದೆ. ಬಿಸಿಬೇಳೆಬಾತ್‌ಗೆ ಹೆಸರು ಕೊಟ್ಟವರು ದೊಡ್ಡ ಪಾತ್ರೆಯನ್ನೂ ತನ್ನಿ. ಕನ್ನಡ ತರಗತಿ ದೀಪಾವಳಿ ವಾರ ಇಲ್ಲ. ಸದಸ್ಯತ್ವದ ಹಣ ಬಾಕಿ ಇದೆ, ಯಾರದ್ದು ಅಂತ ಬರೆಯುವುದಿಲ್ಲ. ಕುರ್ಚಿ ಜೋಡಿಸಲು ಇಬ್ಬರು ಬೇಕು. ಈ ಪತ್ರಿಕೆಗೂ ಒಬ್ಬರು ಬೇಕು. ಟೈಪಿಂಗ್ ಬಂದರೆ ಸಾಕು, ಉಳಿದದ್ದು ನಾನು ಕಲಿಸುತ್ತೇನೆ. ದಯವಿಟ್ಟು ಫೋನ್ ಮಾಡಿ, ರಾತ್ರಿ ಹನ್ನೊಂದಾದರೂ ಪರವಾಗಿಲ್ಲ.

– ಸಂಪಾದಕಿ