ಪೇಪರ್ ಎಲ್ಲ ಕ್ಲಿಯರ್ ಅಂದರೆ ಯಾವ ಪೇಪರ್?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎರಡು ತಿಂಗಳ ಹಿಂದೆ ನಿಮ್ಮ ಭಾನುವಾರದ ಕಿರು ಜಾಹೀರಾತು ಪುಟದಲ್ಲಿ ಹೀಗೊಂದು ಜಾಹೀರಾತು ಬಂದಿತ್ತು: ‘ಕ್ಯಾರವಾನ್ ಮಾರಾಟಕ್ಕಿದೆ. ನಾಲ್ವರು ಮಲಗಬಹುದು. ಎಸಿ, ಟಾಯ್ಲೆಟ್, ಅಡುಗೆ ಕಟ್ಟೆ. ಫ್ಯಾಮಿಲಿಗೆ ಬೆಸ್ಟ್. ಪೇಪರ್ ಎಲ್ಲ ಕ್ಲಿಯರ್.’ ಕೆಳಗೆ ಒಂದು ಮೊಬೈಲ್ ನಂಬರ್. ಆ ಎರಡು ಸಾಲು ನಂಬಿ ನನ್ನ ಮೈದುನ 30,000 ರೂಪಾಯಿ ಅಡ್ವಾನ್ಸ್ ಕಳಿಸಿದ. ವಾಪಸ್ ಬಂದದ್ದು 12,000. ಹೋದ ದುಡ್ಡು ನಮ್ಮದು, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ ಆ ಪುಟದಲ್ಲಿ ಇನ್ನು ಮುಂದೆ ಒಂದು ಸಾಲು ಜಾಸ್ತಿ ಹಾಕಿಸಿ ಎಂದು ಕೇಳಲು ಬರೆಯುತ್ತಿದ್ದೇನೆ. ಯಾವ ಸಾಲು ಅನ್ನುವುದು ಗೊತ್ತಾಗಬೇಕಾದರೆ ನಾವು ಗಾಡಿ ಹುಡುಕಿದ ಕಥೆ ಹೇಳಬೇಕು.

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ 19 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನಮ್ಮದು ಎಂಟು ಜನರ ಮನೆ. ನಾವಿಬ್ಬರು, ನಮ್ಮ ಇಬ್ಬರು ಮಕ್ಕಳು, ಮೈದುನ, ನೆಗೆಣ್ಣಿ, ಅವರ ಮಗ. ಇವರೆಲ್ಲರಿಗೂ ದೊಡ್ಡವರು ನಮ್ಮ ಅತ್ತೆ. ಅವರಿಗೆ 74. ಎರಡೂ ಮೊಣಕಾಲು ನೋವು.

ಹೋದ ವರ್ಷ ಮೇ ತಿಂಗಳಲ್ಲಿ ಬಾಡಿಗೆ ಟೆಂಪೊ ಮಾಡಿಕೊಂಡು ತುಳಜಾಪುರಕ್ಕೆ ಹೋಗಿದ್ದೆವು. ಆ ಬಿಸಿಲು ನಿಮಗೆ ಗೊತ್ತೇ ಇದೆ. ದಾರಿಯಲ್ಲಿ ಎಷ್ಟು ಸಲ ಬಾಟಲಿ ಮುಂದೆ ಹಿಡಿದರೂ ಅತ್ತೆ ನೀರು ಕುಡಿಯಲಿಲ್ಲ. ‘ಬ್ಯಾಡವ್ವ, ಎಲ್ಲಿ ಇಳೀಬೇಕಾಗ್ತದೋ ಏನೋ’ ಅಂತ ಸೆರಗಿನಿಂದ ತುಟಿ ಒರೆಸಿಕೊಂಡು ಸುಮ್ನೆ ಕುಳಿತರು. ಡಾಬಾದ ಹಿಂದಿನ ಪಾಯಿಖಾನೆಯಲ್ಲಿ ಅವರು ಕುಕ್ಕರಗಾಲಲ್ಲಿ ಕೂರಲಾರರು. ಹೊಲದ ಬದುವಿಗೆ ನಡೆಯಲಾರರು. ಸಂಜೆವರೆಗೆ ಅವರು ಕುಡಿದದ್ದು ಎರಡು ಗುಟುಕು. ಮನೆಗೆ ಬಂದ ಮೂರನೇ ದಿನ ಉರಿಮೂತ್ರ, ಚಳಿಜ್ವರ, ಆಸ್ಪತ್ರೆ. ಆಗಲೇ ತೀರ್ಮಾನ ಮಾಡಿದೆವು. ಒಂದು ಹಾಸಿಗೆ, ಒಂದು ಕಮೋಡ್ ಇರುವ ಗಾಡಿ ನಮಗೆ ಬೇಕು. ಹೊಸದರ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್.

ಜಾಹೀರಾತಿನ ಆ ಗಾಡಿ ಸೋಲಾಪುರದ ಕಡೆಯದು, ಅದರ ವಿಷಯ ಮೊದಲು ಮುಗಿಸುತ್ತೇನೆ. ನಂಬರು ಎಂಎಚ್ 13. ಫೋಟೊ ಚೆಂದ ಇದ್ದವು. ‘ಇನ್ನೊಬ್ಬರು ಸಂಜೆಗೆ ಬರ್ತಾರ, ಟೋಕನ್ ಹಾಕ್ರಿ’ ಅಂತ ಮಾರುವವರು ಅಂದಿದ್ದಕ್ಕೆ ಮೈದುನ ಅವಸರಪಟ್ಟ. ನಾನು ಮಿಲ್‌ನಿಂದ ಬಂದು ಗಾಡಿಯ ವಿವರ ತೋರಿಸುವ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರು ಹಾಕಿ ನೋಡಿದರೆ ಗಾಡಿಯ ಮೇಲೆ ಸಾಲ ಇನ್ನೂ ತೋರಿಸುತ್ತಿತ್ತು. ‘ಲೋನ್ ಯಾವಾಗೋ ಮುಗದದ್ರೀ ಅಕ್ಕಾರ’ ಅಂದರು. ಮುಗಿದಿದ್ದರೆ ಬ್ಯಾಂಕು ಕೊಟ್ಟ ಪತ್ರ ಇರಬೇಕು, ಎಚ್‌ಪಿ, ಅಂದರೆ ಗಾಡಿಯ ಮೇಲಿನ ಸಾಲದ ನಮೂದು, ತೆಗೆಸುವ ಫಾರ್ಮ್ 35 ಇರಬೇಕು. ಎರಡೂ ಇರಲಿಲ್ಲ. ಅದು ಇಲ್ಲದೆ ಅಲ್ಲಿನ ಆರ್‌ಟಿಒ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಕೊಡುವುದಿಲ್ಲ. ಎನ್‌ಒಸಿ ಇಲ್ಲದೆ ಗಾಡಿಗೆ ನಮ್ಮ ಕೆಎ 32 ನಂಬರು ಸಿಗುವುದಿಲ್ಲ. ಮೂರು ಸಲ ಸೋಲಾಪುರಕ್ಕೆ ಓಡಾಡಿದ ಮೇಲೆ ಬಂದದ್ದೇ ಆ 12,000.

ಮಿಲ್‌ಗೆ ತೊಗರಿ ಬಂದಾಗ ನಾವು ಚೀಲಕ್ಕೆ ಅಂಟಿಸಿದ ಚೀಟಿ ನೋಡಿ ದುಡ್ಡು ಕೊಡುವುದಿಲ್ಲ. ಚೀಲ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ತಳದ ಕಾಳು ಹಿಡಿದು ತೆಗೆಯುತ್ತೇವೆ. ಆಮೇಲಿನ ಎರಡು ಗಾಡಿಗಳನ್ನು ನಾನು ಹಾಗೆಯೇ ನೋಡಿದೆ.

ಒಂದು ನಮ್ಮ ಊರಿನದೇ, ಹುಮನಾಬಾದ್ ರಿಂಗ್ ರೋಡಿನ ಹತ್ತಿರ. 13 ಸೀಟಿನ ಟ್ರಾವೆಲರ್ ಗಾಡಿಯನ್ನು ಗ್ಯಾರೇಜ್‌ನಲ್ಲಿ ಕ್ಯಾರವಾನ್ ಮಾಡಿಸಿದ್ದರು. ಒಳಗೆ ಹೋದರೆ ಮನೆಯ ಹಾಗೇ ಇತ್ತು. ನೀಲಿ ದೀಪ, ಸೋಫಾ, ಎರಡು ಅಂತಸ್ತಿನ ಹಾಸಿಗೆ. ಮಕ್ಕಳು ಆಗಲೇ ಮೇಲಿನ ಹಾಸಿಗೆ ಯಾರಿಗೆ ಅಂತ ಜಗಳ ಶುರು ಮಾಡಿದ್ದರು. ನಾನು ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಕೇಳಿದೆ. ಅದರಲ್ಲಿ ಗಾಡಿಯ ವರ್ಗ ‘ಆಮ್ನಿ ಬಸ್’, ಸೀಟು 13 ಅಂತಿತ್ತು. ಒಳಗೆ ಎಣಿಸಿದರೆ ಡ್ರೈವರ್ ಸೇರಿ ಐದು ಸೀಟು. ಉಳಿದದ್ದನ್ನೆಲ್ಲ ಕಿತ್ತು ಹಾಸಿಗೆ ಹಾಕಿದ್ದರು. ‘ಇದು ಆರ್‌ಸಿಯಲ್ಲಿ ಬರಬೇಕಲ್ವಾ?’ ಅಂದೆ. ‘ಯಾರೂ ನೋಡಂಗಿಲ್ಲ ಬಿಡ್ರಿ ಅಕ್ಕಾರ’ ಅಂದರು.

ಏನೂ ಆಗದಿರುವವರೆಗೆ ಯಾರೂ ನೋಡದೇ ಇರಬಹುದು. ಆದರೆ ಅಪಘಾತವಾದ ದಿನ ಇನ್ಶೂರೆನ್ಸ್ ಕಂಪನಿಯವರು ಮೊದಲು ತೆಗೆಯುವುದೇ ಆರ್‌ಸಿ. ಆರ್‌ಸಿಯಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಇದ್ದರೆ ಕ್ಲೇಮ್‌ಗೆ ತಕರಾರು ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇದಕ್ಕೆ. ಕಂಪನಿ ತಯಾರಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಕ್ಯಾರವಾನ್ ಮಾಡುವುದಕ್ಕೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಸರಿಯಾಗಿ ನೋಂದಾಯಿಸಿದ ಗಾಡಿಯ ಆರ್‌ಸಿಯಲ್ಲಿ ‘ಮೋಟಾರ್ ಕ್ಯಾರವಾನ್’ ಅಂತಲೋ ‘ಕ್ಯಾಂಪರ್ ವ್ಯಾನ್’ ಅಂತಲೋ ಇರುತ್ತದೆ. ಒಂದೇ ಒಂದು ಪದ. ಗಾಡಿ ನೋಡುವ ಮೊದಲೇ ಫೋನಿನಲ್ಲಿ ಕೇಳಿಬಿಡಬಹುದಾದ ಪದ.

ಅದೇ ಗಾಡಿಯಲ್ಲಿ ನನ್ನನ್ನು ಹೆದರಿಸಿದ್ದು ಸಿಲಿಂಡರ್. ಹಾಸಿಗೆಯ ಹಲಗೆ ಎತ್ತಿದೆ. ಕೆಳಗೆ ಮನೆಯಲ್ಲಿ ಬಳಸುವ 14.2 ಕೆಜಿಯ ಕೆಂಪು ಸಿಲಿಂಡರ್. ಅದನ್ನು ಒಂದು ಹಳೆಯ ಲಾಡಿಯಿಂದ ಕಟ್ಟಿದ್ದರು. ಪೈಪ್ ಮೇಲೆ ಅಚ್ಚಾದ ವರ್ಷ ಮುಗಿದುಹೋಗಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ನಿಲ್ಲುತ್ತದೆ. ಆದ್ದರಿಂದ ಅದು ಹೊರಹೋಗಲು ಕೆಳಗೇ ಕಿಂಡಿ ಬೇಕು. ಅಲ್ಲಿ ನೆಲಕ್ಕೆ ಹೊಸ ಮ್ಯಾಟ್ ಅಂಟಿಸಿ ಇದ್ದಬದ್ದ ಸಂದನ್ನೂ ಮುಚ್ಚಿದ್ದರು. ಅದರ ಮೇಲೆ ನಮ್ಮ ಅತ್ತೆ ಮಲಗಬೇಕಿತ್ತು. ಕಿಟಕಿ ಹಾಕಿಕೊಂಡು, ಎಸಿ ಹಚ್ಚಿಕೊಂಡು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಮಕ್ಕಳನ್ನು ಕರೆದುಕೊಂಡು ಇಳಿದುಬಿಟ್ಟೆ.

ಆ ದಿನವೇ ಇನ್ನೊಂದು ಗೊತ್ತಾಯಿತು. ಜಾಹೀರಾತಿನವರು ಎಷ್ಟು ಜನ ಮಲಗಬಹುದು ಅಂತಲೇ ಹೇಳುತ್ತಾರೆ. ಗಾಡಿ ಓಡುವಾಗ ಹಾಸಿಗೆ ಸೀಟಲ್ಲ. ಬೆಲ್ಟ್ ಇರುವ ಸೀಟು ಎಷ್ಟು? ನಮಗೆ ಬೇಕಾದದ್ದು ಎಂಟು. ರಾತ್ರಿ ನಾಲ್ವರು ಒಳಗೆ ಮಲಗಿ ಉಳಿದವರು ಧರ್ಮಶಾಲೆಯಲ್ಲಿ ಮಲಗಬಹುದು. ಹಗಲು ಯಾರನ್ನು ಬಿಟ್ಟುಬರುವುದು?

ಇನ್ನೊಂದು ಗಾಡಿ ಹೈದರಾಬಾದ್‌ನದು. ಬೆಲೆ ಉಳಿದವುಗಳಿಗಿಂತ ಲಕ್ಷಗಟ್ಟಲೆ ಕಡಿಮೆ. ಆರ್‌ಸಿಯೂ ಸರಿ ಇತ್ತು. ನಮ್ಮ ಯಜಮಾನರು ಅದನ್ನು ಮೆಚ್ಚಿಬಿಟ್ಟಿದ್ದರು. ಹೊರಡುವ ಹಿಂದಿನ ದಿನ ನಮ್ಮ ಓಣಿಯ ಮೆಕ್ಯಾನಿಕ್ ಹೇಳಿಕೊಟ್ಟಿದ್ದ: ‘ಅಕ್ಕಾ, ಡ್ರೈವರ್ ಸೀಟಿನ ಬೆಲ್ಟ್ ಪೂರಾ ಎಳದು ನೋಡ್ರಿ.’ ಎಳೆದೆ. ಮೊದಲ ಎರಡು ಮೊಳ ಕಪ್ಪಗೆ, ಶುಭ್ರವಾಗಿ ಬಂತು. ಇನ್ನೂ ಎಳೆದೆ. ಕೊನೆಯ ಗೇಣು ಬರುವಾಗ ಪಟ್ಟಿ ಗಡುಸಾಯಿತು. ಅದರ ಮೇಲೆ ಅಡ್ಡಕ್ಕೆ ಒಂದು ಮಣ್ಣಿನ ಗೆರೆ. ಉಗುರಿನಿಂದ ಕೆರೆದರೆ ಸಣ್ಣ ಕೆಂಪು ಪುಡಿ ಉದುರಿತು. ಸೀಟು, ಮ್ಯಾಟು, ಬಣ್ಣ ಎಲ್ಲ ಬದಲಾಯಿಸಿದವರು ಬೆಲ್ಟ್ ಸುರುಳಿ ಮರೆತಿದ್ದರು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನ ಓಣಿಗಳಲ್ಲಿ ಕಾರುಗಳು ತೇಲಿಕೊಂಡು ಹೋದದ್ದನ್ನು ಟಿವಿಯಲ್ಲಿ ನೋಡಿದ್ದೆವು ಅಲ್ವಾ? ಅದೇ ತಿಂಗಳು ನಮ್ಮ ಭೀಮಾ ನದಿಯೂ ಉಕ್ಕಿ ಹಳ್ಳಿಗಳಿಗೆ ನುಗ್ಗಿತ್ತು. ಈ ಗಾಡಿ ಯಾವ ನೀರಿನಲ್ಲಿ ನಿಂತಿತ್ತೋ ನಾನು ಹೇಳಲಾರೆ. ನಿಂತಿದ್ದಂತೂ ನಿಜ.

ಕ್ಯಾರವಾನ್‌ಗೆ ದೊಡ್ಡ ಶತ್ರು ತೇವ. ಎಂಜಿನ್ ರಿಪೇರಿ ಮಾಡಿಸಬಹುದು. ಗೋಡೆಯೊಳಗಿನ ಪ್ಲೈವುಡ್ ಕೊಳೆತರೆ ಇಡೀ ಒಳಮನೆಯನ್ನೇ ಬಿಚ್ಚಬೇಕು. ಚಾವಣಿಗೆ ಎಸಿಗೋ ಗಾಳಿಕಿಂಡಿಗೋ ತೂತು ಕೊರೆದಿರುತ್ತಾರಲ್ಲ, ಅದರ ಸುತ್ತ ಹೆಬ್ಬೆರಳಿಂದ ಒತ್ತಬೇಕು. ಕಿಟಕಿಯ ಕೆಳಮೂಲೆ, ಬಾತ್‌ರೂಮಿನ ಬುಡ, ಕಪಾಟಿನ ತಳ, ಇವನ್ನೂ ಬಿಡಬಾರದು. ಆ ಗಾಡಿಯ ಕಪಾಟಿನ ತಳದಲ್ಲಿ ನನ್ನ ಬೆರಳು ನೆನೆದ ರೊಟ್ಟಿಗೆ ಒತ್ತಿದ ಹಾಗೆ ಒಳಗೆ ಹೋಯಿತು. ನಮ್ಮ ಕಡೆ ವರ್ಷದಲ್ಲಿ ಮಳೆಯ ದಿನಗಳು ಕಡಿಮೆ. ಬೇಸಿಗೆಯಲ್ಲಿ ಗಾಡಿ ನೋಡಿದರೆ ಸೋರುವುದು ಗೊತ್ತೇ ಆಗುವುದಿಲ್ಲ. ಹಾಗಾಗಿ ಮಾರುವವರ ಮನೆಯ ಪೈಪ್ ಹಿಡಿದು ಚಾವಣಿಯ ಮೇಲೆ ಸುಮಾರು ಕಾಲು ಗಂಟೆ ನೀರು ಬಿಡಿಸಬೇಕು. ಆಮೇಲೆ ಒಳಗೆ ಮೂಲೆಮೂಲೆಗೆ ಒಣ ಬಟ್ಟೆ ಒತ್ತಿ ನೋಡಬೇಕು. ಬೇಡ ಅಂದವರ ಗಾಡಿ ನಮಗೂ ಬೇಡ.

ಟೈರಿನ ಬಗ್ಗೆ ಒಂದು ಮಾತು. ಕ್ಯಾರವಾನ್ ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ. ಹಾಗಾಗಿ ಟೈರು ಸವೆದಿರುವುದಿಲ್ಲ, ಆದರೆ ವಯಸ್ಸಾಗಿರುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 1216 ಅಂತಿದ್ದರೆ 2016ನೇ ಇಸವಿಯ 12ನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿನ ಡಾಂಬರಿನ ಮೇಲೆ ಅಂಥ ಟೈರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಬಾರದು.

ಮೆಟ್ಟಿಲಿನದ್ದು ಯಾರೂ ಹೇಳಿಕೊಡಲಿಲ್ಲ, ನಾವೇ ಕಂಡುಕೊಂಡೆವು. ಅತ್ತೆ ದಿನಾ ಹತ್ತುವ ದೇವರ ಕೋಣೆಯ ಮೆಟ್ಟಿಲನ್ನು ಹೊಲಿಗೆ ಟೇಪಿನಿಂದ ಅಳೆದೆ. 7 ಇಂಚು. ನೋಡಿದ ಗಾಡಿಗಳಲ್ಲಿ ಮೊದಲ ಮೆಟ್ಟಿಲು ನೆಲದಿಂದ 15 ಇಂಚಿನ ಮೇಲೆಯೇ ಇತ್ತು. ಈಗ ಎಲ್ಲಿ ಹೋದರೂ ಮನೆಯ ಮರದ ಮಣೆ ಒಯ್ಯುತ್ತೇನೆ. ಅತ್ತೆ ಅದನ್ನು ಹತ್ತಿ, ಹಿಡಿಕೆ ಹಿಡಿದು, ಒಳಗೆ ಹೋಗಿ ಕಮೋಡ್ ಮೇಲೆ ಕುಳಿತು ಎದ್ದು ಬರಬೇಕು. ಆಮೇಲೆ ಬೆಲೆಯ ಮಾತು.

ಸಂಪಾದಕರೇ, ಈಗ ನನ್ನ ಬೇಡಿಕೆ. ಹಳೆಯ ಗಾಡಿಯ ಜಾಹೀರಾತು ತೆಗೆದುಕೊಳ್ಳುವಾಗ ನಿಮ್ಮ ಕೌಂಟರಿನವರು ಆರ್‌ಸಿ ನೋಡಿ ಐದು ವಿಷಯ ಬರೆಸಿಕೊಳ್ಳಲಿ. ಗಾಡಿಯ ವರ್ಗ, ಸೀಟಿನ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಫಿಟ್‌ನೆಸ್ ಯಾವ ತಾರೀಖಿನವರೆಗೆ, ಸಾಲ ಇದೆಯೋ ಇಲ್ಲವೋ. ಹಳದಿ ಬೋರ್ಡೋ ಬಿಳಿ ಬೋರ್ಡೋ ಅನ್ನುವುದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಯಾಕೆಂದರೆ ಬಾಡಿಗೆಗೆ ಓಡಿಸಿದ ಗಾಡಿಯನ್ನು ಮನೆ ಬಳಕೆಗೆ ಬದಲಾಯಿಸಿಕೊಳ್ಳಬೇಕಾದರೆ ಮೊದಲು ಪರ್ಮಿಟ್ ಒಪ್ಪಿಸಬೇಕು. ಅದೇ ಒಂದು ದೊಡ್ಡ ಓಡಾಟ. ‘ಸಾಲ ಇದೆ’ ಅಂತ ಆ ದಿನ ಅಚ್ಚಾಗಿದ್ದರೆ ನನ್ನ ಮೈದುನ ಫೋನ್ ಕೂಡ ಮಾಡುತ್ತಿರಲಿಲ್ಲ. ಪದಕ್ಕಿಷ್ಟು ಅಂತ ದರ ಇರುವುದು ಗೊತ್ತು. ಈ ಒಂದು ಸಾಲಿಗೆ ದರ ಬಿಡಿ, ಇಲ್ಲವೇ ಕಡಿಮೆ ಮಾಡಿ. ಮಾರುವವರೂ ಬೇಡ ಅನ್ನುವುದಿಲ್ಲ.

ಮಾರುವ ಓದುಗರಿಗೂ ಒಂದು ಮಾತು. ಗಾಡಿಯನ್ನು ಕೊಂಡವರ ಹೆಸರಿಗೆ ಮಾಡುವ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟೆವು, ದುಡ್ಡು ಬಂತು, ಮುಗಿಯಿತು ಅಂದುಕೊಳ್ಳಬೇಡಿ. ರಾಜ್ಯದೊಳಗೆ ಮಾರಿದರೆ 14 ದಿನ, ಹೊರಗೆ ಮಾರಿದರೆ 45 ದಿನದೊಳಗೆ ನೀವೇ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ನಿಮ್ಮ ಅಂಗಳದಲ್ಲಿ ಇಲ್ಲದಿದ್ದರೂ ಸಮನ್ಸ್ ನಿಮ್ಮ ಮನೆಗೇ ಬರುತ್ತದೆ.

ನಮ್ಮ ಹುಡುಕಾಟ ನಿಂತಿಲ್ಲ. ಅತ್ತೆಗೆ ಈ ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋಗಬೇಕು. ಸಂಗಮದಲ್ಲಿ ಕಾಲು ನೆನೆಸಿಕೊಂಡು, ಮಧ್ಯಾಹ್ನ ಮಧುಕರಿ ಭಿಕ್ಷೆ ಬೇಡಿ ಬಂದು, ಗಾಡಿಯಲ್ಲಿ ಸ್ವಲ್ಪ ಹೊತ್ತು ಕಾಲು ಚಾಚಿ ಮಲಗಬೇಕು ಅಂತ ಅವರ ಆಸೆ. ಆರ್‌ಸಿಯಲ್ಲಿ ‘ಕ್ಯಾಂಪರ್ ವ್ಯಾನ್’ ಅಥವಾ ‘ಮೋಟಾರ್ ಕ್ಯಾರವಾನ್’ ಅಂತ ಇರುವ, ಎಂಟು ಬೆಲ್ಟ್ ಸೀಟಿನ ಗಾಡಿ ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಾದರೂ ಮಾರುವವರಿದ್ದರೆ ದಯವಿಟ್ಟು ನಿಮ್ಮ ಪುಟದಲ್ಲೇ ಜಾಹೀರಾತು ಕೊಡಲಿ. ಮಣೆ ಮತ್ತು ಟೇಪು ತೆಗೆದುಕೊಂಡು ನಾವು ಬರುತ್ತೇವೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಕಲಬುರಗಿ